ಮೂರು ದಿನದ ಹೆಲಿಕಾಪ್ಟರ್

ಫೆಬ್ರವರಿ 12, ಸೋಮವಾರ

ಲುಸಾಕದ ಅದೇ ಹೋಟೆಲು, ಅದೇ ಸಭಾಂಗಣ. ಒಂಬತ್ತು ದೇಶ, ಒಂಬತ್ತು ಬಾವುಟ. ಬೆಳಗಿನ ಎರಡು ತಾಸು ಒಂದು ಹೆಸರಿಗೇ ಹೋಯಿತು. ಜೂನ್‌ನಲ್ಲಿ ನಡೆಯುವ ಶಾಂತಿಪಾಲನಾ ತರಬೇತಿಗೆ ಒಂದು ಸುಳ್ಳು ದೇಶ ಬೇಕು. ಅಲ್ಲಿ ಅಂತರ್ಯುದ್ಧ, ನಾವೆಲ್ಲ ಸೇರಿ ಶಾಂತಿ ಕಾಯಲು ಹೋಗುತ್ತೇವೆ ಎಂಬ ಕಥೆ. ನಾನು ಇಟ್ಟ ಹೆಸರು ಯಾರದೋ ಜಿಲ್ಲೆಯ ಹೆಸರಿನಂತೆ ಕೇಳಿಸಿತಂತೆ. ಬಂಡುಕೋರರ ಬಾವುಟದ ಹಸಿರು ಇನ್ಯಾರದೋ ಆಡಳಿತ ಪಕ್ಷದ ಹಸಿರಂತೆ. ಕೊನೆಗೆ ಬಾವುಟ ಕಂದು ಬಣ್ಣದ್ದಾಯಿತು. ಕಂದು ಬಣ್ಣದ ಮೇಲೆ ಯಾರಿಗೂ ತಕರಾರಿಲ್ಲ.

ಹದಿನೇಳು ಪಾಠಗಳ ನನ್ನ ಪಟ್ಟಿಯಲ್ಲಿ ಹದಿನೇಳನೆಯದು ಮಾತ್ರ ಒಂದೇ ಸಲಕ್ಕೆ ಪಾಸ್: ಗಾಯಾಳುಗಳ ಸಾಗಣೆ, ಮೂರು ದಿನ, ನಿಜವಾದ ಹೆಲಿಕಾಪ್ಟರ್. ಪ್ರತಿ ತುಕಡಿಯೂ ಅದನ್ನು ಇಳಿಸಲು ಜಾಗ ಹುಡುಕಬೇಕು, ಹುಲ್ಲು ಸವರಬೇಕು, ಗುರುತಿಗೆ ಬಣ್ಣದ ಹೊಗೆ ಹಾಕಬೇಕು, ರೇಡಿಯೊದಲ್ಲಿ ಪೈಲಟ್‌ಗೆ ದಾರಿ ಹೇಳಬೇಕು. ಹಣ ಕೊಡುವ ದೇಶದ ಕರ್ನಲ್ ಬ್ರಾಂಟ್, "ಇಡೀ ತರಬೇತಿಯ ಜೀವ ಇದೇ" ಅಂದರು. ಖುಷಿಯಾಯಿತು.

ಫೆಬ್ರವರಿ 14, ಬುಧವಾರ

ಮನೆಗೆ ಬಂದಾಗ ಲಿಕಾಂಡೋ ಒಲೆ ಮುಂದೆ ನಿಂತು ಮೆಕ್ಕೆಜೋಳದ ಮುದ್ದೆ ನ್ಶಿಮಾ ತಿರುವುತ್ತಿದ್ದ. ನನ್ನನ್ನು ನೋಡಿದ್ದೇ ಸೌಟು ಹಣೆಗೇರಿಸಿ ಸೆಲ್ಯೂಟ್. ಅವನು ಕ್ಯಾಪ್ಟನ್, ನಾನು ಮೇಜರ್. ಮದುವೆಯಾಗಿ ಹದಿಮೂರು ವರ್ಷವಾದರೂ ಈ ತಮಾಷೆ ಹಳತಾಗಿಲ್ಲ.

"ಮೇಜರ್ ಅಮ್ಮಾವ್ರು ಅಡುಗೆ ತಪಾಸಣೆಗೆ ಬರ್ಬೇಕು."

"ಮೀನು ಸೀದಿದೆ, ಕ್ಯಾಪ್ಟನ್."

"ಸೀದಿಲ್ಲ ಅಮ್ಮಾವ್ರೇ. ಶತ್ರು ಕಣ್ಣಿಗೆ ಬೀಳ್ಬಾರ್ದು ಅಂತ ಕಪ್ಪು ಬಳಿದಿದೀನಿ."

ಮಗಳು ಇನೊಂಗೆ ನಕ್ಕು ನಕ್ಕು ನೀರು ನೆತ್ತಿಗೇರಿಸಿಕೊಂಡಳು. ವಯಸ್ಸು ಹನ್ನೊಂದಾಯಿತು, ಇನ್ನೂ ಅಪ್ಪನ ಪಕ್ಷ.

ಊಟವಾದ ಮೇಲೆ ಹೇಳಿದ — ಅವನ ಬೆಟಾಲಿಯನ್ ಆಯ್ಕೆಯಾಗಿದೆ. ಜೂನ್‌ನಲ್ಲಿ ನಮ್ಮ ತರಬೇತಿ, ಜುಲೈನಲ್ಲಿ ಉತ್ತರಕ್ಕೆ, ನಿಜವಾದ ಮಿಷನ್‌ಗೆ. "ಅಂದ್ರೆ ನೀನು ಬರೆದ ಪಾಠಾನ ನಾನು ಓದ್ಬೇಕು ಅನ್ನು." ನನಗೆ ಹೆಮ್ಮೆಯೋ ಹೆದರಿಕೆಯೋ... ಎರಡೂ.

ಮಾರ್ಚ್ 22, ಗುರುವಾರ

ಹಣ ಕೊಡುವ ದೇಶದಿಂದ ಪತ್ರ ಬಂತು. ಮೂರೇ ಸಾಲು. ಅವರ ದೇಶದ ಆದ್ಯತೆಗಳು ಬದಲಾಗಿವೆಯಂತೆ. ಕೊಡುತ್ತೇವೆ ಎಂದಿದ್ದರಲ್ಲಿ ಮೂರನೇ ಒಂದು ಭಾಗ ಬರುವುದಿಲ್ಲ. ಕರ್ನಲ್ ಬ್ರಾಂಟ್ ಫೋನ್ ಎತ್ತುತ್ತಿಲ್ಲ.

ಏಪ್ರಿಲ್ 6, ಶುಕ್ರವಾರ

ತರಬೇತಿಯ ಮುಖ್ಯಸ್ಥ ಬ್ರಿಗೇಡಿಯರ್ ಸಿಮ್ವಿಂಗಾ ಅವರ ಮುಂದೆ ಪಟ್ಟಿ ಹರವಿದೆ. ನೀರಿನ ಖರ್ಚು ಕಡಿತ ಮಾಡುವಂತಿಲ್ಲ. ಡೇರೆಯದೂ ಕಡಿತ ಮಾಡುವಂತಿಲ್ಲ. ಭಾಷಾಂತರಕಾರರಿಲ್ಲದೆ ಪೋರ್ಚುಗೀಸ್ ಮಾತಾಡುವವರಿಗೂ ಫ್ರೆಂಚ್ ಮಾತಾಡುವವರಿಗೂ ನಮ್ಮ ಒಂದು ಆಜ್ಞೆಯೂ ತಿಳಿಯದು.

"ಸಮಾರೋಪದ ಕವಾಯತು ತೆಗೀರಿ ಸರ್."

"ನಾಲ್ಕು ಜನ ಮಂತ್ರಿಗಳು ಬರ್ತಾರಮ್ಮಾ. ಫೋಟೋ ಇಲ್ದಿದ್ರೆ ಮುಂದಿನ ವರ್ಷ ದುಡ್ಡು ಯಾರು ಕೊಡ್ತಾರೆ?"

"ಹೆಲಿಕಾಪ್ಟರ್ ಇಲ್ದಿದ್ರೆ ಹುಡುಗರು ಕಲಿಯೋದೇನು?"

"ಟ್ರಕ್ ಇಟ್ಕೊಂಡು ಮಾಡ್ಸು. ಅದೇ ಹೆಲಿಕಾಪ್ಟರ್ ಅಂದ್ಕೋತಾರೆ."

ಕೆಟ್ಟ ಮನುಷ್ಯರಲ್ಲ. ಎರಡು ಸಲ ಮಿಷನ್‌ಗೆ ಹೋಗಿ ಬಂದವರು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಏಪ್ರಿಲ್ 7, ಶನಿವಾರ

ಲಿಕಾಂಡೋ ಬೂಟಿಗೆ ಪಾಲಿಶ್ ಹಾಕುತ್ತಿದ್ದ. ಈ ಕಡಿತಕ್ಕೆ ಸಹಿ ಮಾಡುವುದಿಲ್ಲ, ಪಟ್ಟಿ ವಾಪಸ್ ಕಳಿಸುತ್ತೇನೆ ಅಂದೆ.

"ಕಳಿಸಿದ್ರೆ?"

"ತರಬೇತಿ ರದ್ದಾಗ್ಬೋದು."

"ನಮ್ಮನ್ನ ಕಳಿಸೋದು ರದ್ದಾಗಲ್ಲ ನಸಿಲೆಲೆ. ತರಬೇತಿ ಇಲ್ದೇನೇ ಕಳಿಸ್ತಾರೆ. ಹೊಡೆದುಹಾಕು ಆ ಸಾಲನ್ನ. ಹದಿನಾರಾದ್ರೂ ಕಲಿತೀವಿ." ಆಮೇಲೆ ಬ್ರಷ್ಷು ಆಡಿಸುತ್ತಲೇ, "ಹೆಲಿಕಾಪ್ಟರ್ ಬಂದ್ರೆ ಇಳೀದೆ ಎಲ್ಲಿಗೆ ಹೋಗುತ್ತೆ? ಅದಕ್ಕೂ ನೆಲ ಬೇಕಲ್ವಾ?"

'ನಿಜವಾದ ಹೆಲಿಕಾಪ್ಟರ್' ಎಂಬುದರ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದೆ. ನಾನೇ.

ಜೂನ್ 9, ಶನಿವಾರ — ತರಬೇತಿ ಶಿಬಿರ

ಜೂನ್ ತಿಂಗಳ ಕೊರೆಯುವ ಚಳಿ, ಕೆಂಪು ಧೂಳು. ಇವತ್ತು ಹದಿನೇಳನೆಯದು. ಟ್ರಕ್ಕಿನ ಬಾನೆಟ್ ಮೇಲೆ ಯಾರೋ ಸುಣ್ಣದಲ್ಲಿ 'ಹೆಲಿಕಾಪ್ಟರ್' ಎಂದು ಬರೆದಿದ್ದರು. ಡ್ರೈವರ್ ಬಾಯಲ್ಲೇ ರೆಕ್ಕೆ ತಿರುಗುವ ಸದ್ದು ಮಾಡುತ್ತ ಬಂದ. ಲಿಕಾಂಡೋನ ಕಂಪನಿಯವರು ಬಿದ್ದು ಬಿದ್ದು ನಕ್ಕರು. ಸ್ಟ್ರೆಚರ್ ಮೇಲೆ ಮಲಗಿದ್ದ 'ಗಾಯಾಳು' ಕೂಡ. ನಾನೂ ನಕ್ಕೆ. ಇಪ್ಪತ್ತು ನಿಮಿಷದಲ್ಲಿ ಮುಗಿಯಿತು.

ಜೂನ್ 15, ಶುಕ್ರವಾರ

ಮಂತ್ರಿಗಳು ಬಂದರು. ಬ್ಯಾಂಡ್ ಚೆನ್ನಾಗಿತ್ತು.

ಸಂಜೆ ಡೇರೆಯಲ್ಲಿ ಬೆಟಾಲಿಯನ್ನಿನ ಪ್ರಮಾಣಪತ್ರ ತುಂಬಲು ಕೂತೆ. ಪ್ರತಿ ಅಂಶದ ಮುಂದೆ ಎರಡೇ ಚೌಕ: ಪೂರೈಸಿದೆ, ಪೂರೈಸಿಲ್ಲ. ಹದಿನೇಳರ ಹತ್ತಿರ ಪೆನ್ನು ನಿಂತಿತು. 'ಪೂರೈಸಿಲ್ಲ' ಅಂದರೆ ಬೆಟಾಲಿಯನ್ ಹೊರಡುವುದು ಆರು ತಿಂಗಳು ತಡ. ಅಲ್ಲಿ ಇವರಿಗಾಗಿ ಕಾಯುತ್ತಿರುವ ಹಳೆಯ ತುಕಡಿಗೆ ಮನೆಗೆ ಬರಲಾಗದು.

"ಟಿಕ್ ಹಾಕಮ್ಮಾ," ಅಂದರು ಬ್ರಿಗೇಡಿಯರ್. "ಟ್ರಕ್ಕಲ್ಲಿ ಮಾಡಿಸಿದೀವಲ್ಲ."

ಹಾಕಿದೆ. ಕೆಳಗೆ ಸಹಿ — ಮೇಜರ್ ನಸಿಲೆಲೆ ಮುಯುಂಡಾ.

ಜುಲೈ 9, ಸೋಮವಾರ

ವಿಮಾನ ಏಳೂವರೆಗೆ ಹೋಯಿತು. ಇನೊಂಗೆ ಅಳಲಿಲ್ಲ. ವಾಪಸ್ ಬರುವಾಗ ಕಾರಿನಲ್ಲಿ, "ಅಪ್ಪ ಬರೋ ಹೊತ್ತಿಗೆ ನಾನು ಏಳನೇ ಕ್ಲಾಸಾ?" ಅಂದಳು. ಹೌದು ಅಂದೆ.

ಸೆಪ್ಟೆಂಬರ್ 2, ಭಾನುವಾರ

ಫೋನ್ ಮಾಡಿದ್ದ. ಅಲ್ಲಿ ಮಳೆಯಂತೆ, ಹುಲ್ಲು ಎದೆ ಮಟ್ಟ ಬೆಳೆದಿದೆಯಂತೆ. "ಮೀನು ಮಾತ್ರ ನಮ್ಮೂರು ಮೊಂಗುವಿನ ಮೀನಿನ ಹಂಗಿಲ್ಲ. ನೀನೇನು ತಿಂದೆ?" ಹೇಳುವಷ್ಟರಲ್ಲಿ ಲೈನ್ ಕಟ್.

ಸೆಪ್ಟೆಂಬರ್ 20, ಗುರುವಾರ

ಲಿಕಾಂಡೋ ತೀರಿಕೊಂಡ. ಮಂಗಳವಾರ.

ಬ್ರಿಗೇಡಿಯರ್ ಗೇಟಿನ ಹತ್ತಿರವೇ ಟೋಪಿ ತೆಗೆದಿದ್ದರು. ಅವರು ಬಾಯಿ ತೆರೆಯುವ ಮುಂಚೆ ಗೊತ್ತಾಗಿಹೋಯಿತು. ಇನೊಂಗೆ ಸ್ಕೂಲಿನಲ್ಲಿದ್ದಳು. ಅವಳು ಬರುವವರೆಗಿನ ಮೂರು ಗಂಟೆ ಅವಳಿಗಿನ್ನೂ ಅಪ್ಪ ಇದ್ದ. ಕರೆಸುತ್ತೇನೆ ಅಂದರು. ಬೇಡ ಅಂದೆ.

ಅಕ್ಟೋಬರ್ 24, ಬುಧವಾರ

ನಮ್ಮ ದೇಶದ ಸ್ವಾತಂತ್ರ್ಯ ದಿನ. ಬೀದಿ ತುಂಬ ಹಾಡು.

ಸಾರ್ಜೆಂಟ್ ಹಮೂಂಗಾ ಬಂದ. ಲಿಕಾಂಡೋನ ಜೊತೆಗಿದ್ದವನು. ಎಡಗೈ ಇನ್ನೂ ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿ. ಕುರ್ಚಿಯ ತುದಿಯಲ್ಲಿ ಕೂತ. ಚಹಾ ಮುಟ್ಟಲಿಲ್ಲ.

"ಎಲ್ಲ ಹೇಳ್ಲಾ ಮೇಡಂ?"

"ಎಲ್ಲ ಹೇಳಪ್ಪ."

"ಕ್ಯಾಪ್ಟನ್ ಸಾಹೇಬ್ರ ತೊಡೆಗೆ ಬಿದ್ದಿತ್ತು ಗುಂಡು. ರಕ್ತ ಹೋಗ್ತಿತ್ತು, ಬಿಗಿಯಾಗಿ ಕಟ್ಟಿದ್ವಿ. ರೇಡಿಯೊದಲ್ಲಿ ಕೇಳಿದ್ದಕ್ಕೆ ನಲವತ್ತು ನಿಮಿಷಕ್ಕೆ ಹೆಲಿಕಾಪ್ಟರ್ ಬಂತು ಮೇಡಂ. ಬಂತು! ನಾವೆಲ್ಲ ಕೂಗಾಡಿಬಿಟ್ವಿ." ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. "ಪೈಲಟ್ ಕೇಳ್ತಾನೆ — ಗಾಳಿ ಯಾವ ಕಡೆ, ನೆಲ ಎಷ್ಟು ಇಳಿಜಾರು, ಯಾವ ಬಣ್ಣದ ಹೊಗೆ ಅಂತ. ನಮಗೇನು ಗೊತ್ತು? ಹುಲ್ಲು ಸವರಿರಲಿಲ್ಲ. ಹೊಗೆ ಹಾಕಿದ್ದು ಮರದ ಕೆಳಗೆ, ಮೇಲಕ್ಕೆ ಕಾಣಲೇ ಇಲ್ಲ. ಮೂರು ಸುತ್ತು ಹಾಕ್ತು. ಎಣ್ಣೆ ಮುಗೀತಿದೆ ಅಂತ ಹೊರಟೇಹೋಯ್ತು."

ಆಮೇಲೆ ಟ್ರಕ್ಕು. ಕೆಸರಿನ ದಾರಿ, ಐದು ಗಂಟೆ. ನಾಲ್ಕನೇ ಗಂಟೆಯಲ್ಲಿ ಅವನ ಮಾತು ನಿಂತಿತಂತೆ. ಬೇಗ ತಂದಿದ್ದರೆ ಉಳಿಯುವ ಗಾಯ ಎಂದರಂತೆ ಡಾಕ್ಟರು.

"ಕ್ಯಾಪ್ಟನ್ ಏನಾದ್ರೂ ಅಂದ್ರಾ?"

ಕೈಗೆ ಕಟ್ಟಿದ್ದ ಪಟ್ಟಿ ಸರಿಮಾಡಿಕೊಂಡ. "ಹೆಲಿಕಾಪ್ಟರ್ ತಿರುಗಿ ಹೋದಾಗ ನಕ್ರು ಮೇಡಂ. 'ನಮ್ಮ ಮೇಜರ್ ಅಮ್ಮಾವ್ರು ಇದ್ದಿದ್ರೆ ಬೈದೇ ಇಳಿಸ್ತಿದ್ರು' ಅಂದ್ರು."

ನಾನು ಎದ್ದು ಹಿತ್ತಲಿಗೆ ಹೋದೆ. ಒಣಹಾಕಿದ್ದ ಬಟ್ಟೆ ಎಲ್ಲ ತೆಗೆದೆ. ಇನ್ನೂ ಒದ್ದೆಯಿದ್ದವು.

ನವೆಂಬರ್ 5, ಸೋಮವಾರ

ಕೆಲಸಕ್ಕೆ ಮರಳಿದ ದಿನವೇ ತನಿಖೆಯ ವರದಿ ಮೇಜಿಗೆ. ಆರನೇ ಪುಟ: 'ಸದರಿ ತುಕಡಿಯು ಹೆಲಿಕಾಪ್ಟರ್ ಮೂಲಕ ಗಾಯಾಳು ಸಾಗಣೆಯಲ್ಲಿ ಪೂರ್ಣ ತರಬೇತಿ ಪಡೆದಿತ್ತೆಂದು ದಾಖಲೆಯಿದೆ. ಆದ್ದರಿಂದ ಲೋಪವು ಸ್ಥಳದಲ್ಲಿದ್ದ ಸಿಬ್ಬಂದಿಯದು.'

ಸಿಬ್ಬಂದಿಯದು. ಅಂದರೆ ಹಮೂಂಗಾನದು. ರೇಡಿಯೊ ಹಿಡಿದಿದ್ದ ಹುಡುಗನದು. ಲಿಕಾಂಡೋನದು.

ದಾಖಲೆ ನನ್ನದು.

ನವೆಂಬರ್ 19, ಸೋಮವಾರ

ಮುಂದಿನ ವರ್ಷದ ತರಬೇತಿಗೆ ಮೊದಲ ಸಭೆ. ಒಂಬತ್ತು ಬಾವುಟ. ಕರ್ನಲ್ ಬ್ರಾಂಟ್ ಎದ್ದು ನಿಂತು ಸಂತಾಪ ಹೇಳಿದರು. ಈ ಸಲ ಹೆಲಿಕಾಪ್ಟರ್‌ಗೆ ಹಣ ಕೊಡುತ್ತಾರಂತೆ. ಮೂರಲ್ಲ, ಐದು ದಿನ. ಆ ಭಾಗಕ್ಕೆ ಕ್ಯಾಪ್ಟನ್ ಲಿಕಾಂಡೋ ಮುಯುಂಡಾ ಅವರ ಹೆಸರು ಇಡೋಣ ಅಂದರು. ಎಲ್ಲರೂ ನನ್ನ ಕಡೆ ತಿರುಗಿದರು.

ಮೈಕಿನ ಗುಂಡಿ ಒತ್ತಿದೆ.

"ಹೆಸರು ಬೇಡ ಸರ್. ವರದಿಯ ಆರನೇ ಪುಟ ತಿದ್ದಿಸಿ. ಆ ಹುಡುಗರು ಹೆಲಿಕಾಪ್ಟರ್ ಇಳಿಸೋದನ್ನ ಕಲಿತಿರಲಿಲ್ಲ. ನಾವು ಕಲಿಸ್ಲಿಲ್ಲ. ಟ್ರಕ್ ಮೇಲೆ ಸುಣ್ಣದಲ್ಲಿ ಹೆಲಿಕಾಪ್ಟರ್ ಅಂತ ಬರೆದು, ಕಲಿಸಿದೀವಿ ಅಂತ ಸಹಿ ಹಾಕಿದ್ದು ನಾನು. ಗೊತ್ತಿದ್ದೂ ಹಾಕಿದೆ."

ನಾನು ಮುಗಿಸಿದ ಮೇಲೂ ಹೆಡ್‌ಫೋನುಗಳಲ್ಲಿ ಭಾಷಾಂತರಕಾರರ ಪಿಸುದನಿ ನಡೆದೇ ಇತ್ತು. ಎಲ್ಲಕ್ಕಿಂತ ಕೊನೆಗೆ ಪೋರ್ಚುಗೀಸಿನಲ್ಲಿ ನಿಂತಿತು. ಬ್ರಿಗೇಡಿಯರ್ ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. "ಟಿಕ್ ಹಾಕು ಅಂದಿದ್ದು ನಾನು," ಅಂದರು. ಮೈಕ್ ಇರಲಿಲ್ಲ, ಆದರೂ ಕೇಳಿಸಿತು.

ವಿಚಾರಣೆ ಆಗುತ್ತದೆ. ಆಗಲಿ.

ನವೆಂಬರ್ 20, ಮಂಗಳವಾರ

ಮೊಂಗುವಿನಿಂದ ಬಸ್ಸಿನಲ್ಲಿ ಅತ್ತೆ ಬಂದಿದ್ದಾರೆ. ಒಣಮೀನಿನ ಬುಟ್ಟಿ ತಂದಿದ್ದಾರೆ, ಮಗ ಇದ್ದಾಗ ತರುತ್ತಿದ್ದಷ್ಟೇ ದೊಡ್ಡದು. ಇನೊಂಗೆಯ ತಲೆ ಬಾಚಿ ಸ್ಕೂಲಿಗೆ ಕಳಿಸಿದರು. ಆಮೇಲೆ ಚಾಪೆ ಹಾಸಿ ಕೂತು ನನ್ನನ್ನೂ ಕೂರಿಸಿಕೊಂಡರು.

"ಅವನ ಹತ್ರ ಹೆಲಿಕಾಪ್ಟರ್ ಬಂದಿತ್ತಂತೆ, ಹೌದಾ ಮಗಳೇ? ಊರಲ್ಲಿ ಅಂತಾರೆ. ಬಂದಿದ್ದು ಯಾಕೆ ಇಳೀಲಿಲ್ಲ?"

ಸಭೆಯಲ್ಲಿ ಹೇಳಿದ್ದು ಸುಲಭವಿತ್ತು.

ಹೇಳಿದೆ. ಪತ್ರ, ಪಟ್ಟಿ, ಗೆರೆ, ಟಿಕ್ಕು. ಏನೂ ಬಿಡಲಿಲ್ಲ. ನಡುವೆ ಒಂದೇ ಸಲ ತಡೆದರು.

"ಅವನಿಗೆ ಗೊತ್ತಿತ್ತಾ?"

"ಗೊತ್ತಿತ್ತು ಅಮ್ಮಾ. ಹೊಡೆದುಹಾಕು ಅಂದಿದ್ದೂ ಅವನೇ. ಆದ್ರೆ ಟಿಕ್ ಹಾಕಿದ್ದು ಗೊತ್ತಿರಲಿಲ್ಲ. ಅದನ್ನ ನಾನು ಹೇಳಲೇ ಇಲ್ಲ."

ಮಾತು ಮುಗಿಯಿತು. ಅಷ್ಟು ಹೊತ್ತೂ ನನ್ನ ಕೈ ಅವರ ಕೈಯಲ್ಲೇ ಇತ್ತು. ಅವರು ಅದನ್ನೇ ನೋಡುತ್ತ ಕೂತರು, ಸಹಿ ಹಾಕಿದ ಬಲಗೈ. ಆಮೇಲೆ ಮೆಲ್ಲಗೆ ಅದನ್ನು ನನ್ನ ಮಡಿಲಲ್ಲಿಟ್ಟು, ಒಣಮೀನಿನ ಬುಟ್ಟಿ ಎತ್ತಿಕೊಂಡು ಒಲೆ ಹಚ್ಚಲು ಹೋದರು.