ಮೇಲಿಂದ ಮೂರನೆಯ ಗುಂಡಿ

ಸೊಹಾಚೆವ್
೯ ನವೆಂಬರ್ ೨೦೦೩

ಪ್ರೀತಿಯ ಯಾದ್ವಿಗಾ ಅಕ್ಕ,

ಮೊನ್ನೆ ನೀನು ಫೋನಿನಲ್ಲಿ ಅಳುವಾಗ ನಾನು ಸುಮ್ಮನಿದ್ದೆ. ಲೈನ್ ಕಟ್ಟಾಯಿತೆಂದು ನೀನು ಎರಡು ಸಲ "ಜೆನೆಕ್, ಇದೀಯೇನೋ?" ಅಂದೆ. ಲೈನ್ ಚೆನ್ನಾಗಿಯೇ ಇತ್ತು. ನನಗೆ ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬ್ಜುರಾ ಹೊಳೆಯಾಚೆಯ ಕಾಡಿನಲ್ಲಿ ಹತ್ತೊಂಬತ್ತು ಸೈನಿಕರ ಮೂಳೆ ಸಿಕ್ಕಿದೆ, ಒಬ್ಬರ ಮೈಮೇಲೂ ಕೋಟಿನ ಒಂದು ಗುಂಡಿಯಿಲ್ಲ, ನಮ್ಮ ಪೋಲೆಂಡಿನವರೋ ಜರ್ಮನರೋ ತಿಳಿಯದೆ ಹೆಸರಿಲ್ಲದೆ ಒಟ್ಟಿಗೆ ಹೂಳುತ್ತಾರಂತೆ ಎಂದು ನೀನು ಹೇಳಿದೆ. "ಯಾವನೋ ಹಾಳಾದೋನು ಲೋಹ ಹುಡುಕೋ ಮಷೀನ್ ಹಿಡ್ಕೊಂಡು ಬಂದು ಸತ್ತೋರ ಕೋಟಿನ ಗುಂಡೀನೂ ಬಿಡದೆ ಬಾಚ್ಕೊಂಡು ಹೋಗಿದಾನೆ, ಅವನ ಕೈ ಸೇದೋಗ" ಎಂದು ಶಪಿಸಿದೆ.

ಅಕ್ಕ, ಆ ಹಾಳಾದವನು ನಾನೇ.

ಎಂಟು ವರ್ಷದ ಹಿಂದೆ ಗೆಳೆಯ ವಿತೋಲ್ದ್ ಜೊತೆ ಆ ಕಾಡಿಗೆ ಹೋಗಿದ್ದೆ. ಮಷೀನು ಕೊಂಡಿದ್ದು ಮೂವತ್ತೊಂಬತ್ತರ ಯುದ್ಧಕ್ಕೆ ಹೋಗಿ ಮರಳದ ಅಪ್ಪನನ್ನು ಹುಡುಕಲಿಕ್ಕೇ. ಆಮೇಲೆ ಸೈನಿಕರ ಕೋಟಿನ ಗುಂಡಿ ಕೂಡಿಡುವ ಹುಚ್ಚು ಹಿಡಿಯಿತು. ನಮ್ಮ ಸೈನ್ಯದ ಗುಂಡಿಯ ಮೇಲಿನ ಹದ್ದಿನ ಕತ್ತು ನೋಡಿ ಕಾಲ, ಹಿಂಬದಿಯ ಅಕ್ಷರ ನೋಡಿ ಕಾರ್ಖಾನೆ ಹೇಳುತ್ತಿದ್ದೆ. ಊರವರೆಲ್ಲ ನನ್ನನ್ನೇ ಕೇಳಲು ಬರುತ್ತಿದ್ದರು, ನನಗೂ ಜಂಬ. ಅವತ್ತು ಮೂರು ಕುಳಿ ಅಗೆದೆವು. ಸಿಕ್ಕಿದ್ದನ್ನೆಲ್ಲ ಸೊಂಟದ ಒಂದೇ ಚೀಲಕ್ಕೆ ಸುರಿದುಕೊಂಡೆ. ಉತ್ತ ಹೊಲದಲ್ಲಿ ಸಿಕ್ಕವು ಎಂದು ನಿನಗೆ ಹೇಳಿದ್ದು ಸುಳ್ಳು. ಮೂಳೆ ಕಂಡಿತ್ತು. ಪೊಲೀಸರಿಗೆ ಹೇಳಿದರೆ ಗುಂಡಿಗಳು ಕೈತಪ್ಪುತ್ತವೆಂದು ಮಣ್ಣು ಮುಚ್ಚಿ ಬಂದೆವು. ಆ ಹೊತ್ತಿನಲ್ಲಿ ಅಪ್ಪನ ನೆನಪೇ ಬರಲಿಲ್ಲ.

ವಿತೋಲ್ದ್ ಮನೆಯಲ್ಲಿ ವಿನೆಗರಿನಲ್ಲಿ ನೆನೆಹಾಕಿ ಉಜ್ಜಿದಾಗ ಹದ್ದುಗಳ ನಡುವೆ ಬೇರೆಯದೊಂದು ಕಂಡಿತು. ಹೆಲ್ಮೆಟ್ಟು, ಅದರ ಕೆಳಗೆ ಅಡ್ಡಡ್ಡವಾಗಿ ಎರಡು ಕೊಡಲಿ. ಅಗ್ನಿಶಾಮಕದವರದು. ನಮ್ಮ ಗುಂಡಿ ಹುಚ್ಚರು ಅದನ್ನು ಕಸವೆಂದೇ ಲೆಕ್ಕ ಹಾಕುವುದು. "ಬೆಂಕಿ ಆರ್ಸೋರೂ ಯುದ್ಧಕ್ಕೆ ಹೋಗಿದ್ರೇನೋ? ಎಸಿ ಆಚೆ!" ಎಂದು ವಿತೋಲ್ದ್ ನಕ್ಕ. ನಾನೂ ನಕ್ಕು ಅವನ ಗುಜರಿ ಡಬ್ಬಕ್ಕೆ ಎಸೆದೆ.

ಮೊನ್ನೆ ಫೋನಿಡುವ ಮೊದಲು ನೀನು ಹೇಳಿದೆಯಲ್ಲ, "ಅಪ್ಪ ಹೊರಡೋವಾಗ ಕೋಟಿನ ಮೂರನೇ ಗುಂಡಿ ಉದುರಿತ್ತು ಕಣೋ. ಹದ್ದಿಂದು ಎಲ್ಲಿಂದ ತರ್ಲಿ ಅಂತ ಅಮ್ಮ ಚಿಕ್ಕಪ್ಪನ ಫೈರ್ ಬ್ರಿಗೇಡ್ ಕೋಟಿಂದ ಒಂದು ಕಿತ್ತು ಹೊಲಿದ್ಲು. 'ಸಾರ್ಜೆಂಟ್ ಬೈತಾನೆ ಕಣೇ' ಅಂತ ಅಪ್ಪ ನಗ್ತಾನೇ ಹೋದ್ರು." ಆಗ ನೀನು ಎಂಟು ವರ್ಷದವಳು, ಕಣ್ಣಾರೆ ನೋಡಿದ್ದೀಯ. ನಾನು ತೊಟ್ಟಿಲಲ್ಲಿದ್ದೆ. ಆದರೆ ಅಪ್ಪ ಏನು ತೊಟ್ಟು ಹೋದರೆಂದು ಈ ಅರವತ್ತು ವರ್ಷದಲ್ಲಿ ಒಮ್ಮೆಯಾದರೂ ಕೇಳಬಹುದಿತ್ತು. ಗುಂಡಿಗಳ ಪಂಡಿತ ನಾನು, ಕೇಳಲಿಲ್ಲ.

ನಿನ್ನೆ ವಿತೋಲ್ದ್ ಮನೆಗೆ ಓಡಿದೆ. ಆ ಡಬ್ಬ ಆಗಲೇ ಗುಜರಿಗೆ ಹೋಗಿ ಕರಗಿಹೋಗಿದೆ. ಉಳಿದಿದ್ದರೂ ಮೂರು ಕುಳಿಗಳಲ್ಲಿ ಅದು ಯಾವುದರದೆಂದು ನಾನು ಹೇಳಲಾರೆ. ಅಪ್ಪನ ಹೆಸರು ಕೆತ್ತಿಸಿದ ಶಿಲುಬೆಯನ್ನು ನೀನು ಹೊದಿಕೆ ಸುತ್ತಿ ಮಂಚದ ಕೆಳಗೆ ಇಟ್ಟಿದ್ದೀಯ. ಅದನ್ನು ನೆಡಲು ನೆಲವಿಲ್ಲದಂತೆ ಮಾಡಿದವನು ನಿನ್ನ ಸ್ವಂತ ತಮ್ಮ. ಹೂಳುವ ದಿನ ನೀನು ಹೋಗು. ನಾನು ಬರುವುದಿಲ್ಲ. ಕ್ಷಮಿಸು ಎನ್ನಲೂ ನನಗೆ ಮುಖವಿಲ್ಲ.

ನಿನ್ನ ತಮ್ಮ,
ಜೆನೆಕ್

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ: ಆ ಗುಂಡಿಯ ಹಿಂದಿನ ಕೊಂಡಿಯಲ್ಲಿ ಒಂದೆಳೆ ಕೆಂಪು ದಾರ ಇನ್ನೂ ಸಿಕ್ಕಿಕೊಂಡಿತ್ತು. ಸೂಜಿಯಿಂದ ಕೆದಕಿ ತೆಗೆದು ಒಲೆಗೆ ಹಾಕಿದೆ. ಅಮ್ಮ ಯಾವ ಬಣ್ಣದ ದಾರದಲ್ಲಿ ಹೊಲಿದಳೆಂದು ನಿನಗೆ ನೆನಪಿದ್ದರೆ, ದಯವಿಟ್ಟು ನನಗೆ ಬರೆಯಬೇಡ.