ಕಬ್ಬಿನ ಹೊಲದಲ್ಲಿ ಹೇಳಿದ ಪಾಠ

ಸರ್,

‘ಗುರುಗಳೇ’ ಎಂದು ಬರೆಯಬೇಕೆಂದುಕೊಂಡೆ. ನೀವಿದ್ದಾಗ ಹಾಗೆ ಕರೆದಿದ್ದರೆ ನಕ್ಕುಬಿಡುತ್ತಿದ್ದಿರಿ. ನಾನು ಸೋನಾಬಾಯಿ, ಪಿಯುಸಿ ತರಗತಿಯಲ್ಲಿ ಬಾಗಿಲ ಪಕ್ಕ ಕೂರುತ್ತಿದ್ದ ತಾಂಡಾದ ಹುಡುಗಿ.

ಬಸವನ ಬಾಗೇವಾಡಿಯ ಹೊರಗೆ, ಹಳೆಯ ಹತ್ತಿ ಗೋದಾಮಿನಲ್ಲಿ ನಮ್ಮ ಕಾಲೇಜು ಶುರುವಾದ ಮೊದಲ ಮಳೆಗಾಲ ನೆನಪಿದೆಯೇ? ಸುತ್ತಲಿನ ಲಂಬಾಣಿ ತಾಂಡಾಗಳ ಮಕ್ಕಳಿಗೆಂದೇ ತೆರೆದ ಕಾಲೇಜು. ತಗಡಿನ ಮೇಲೆ ಮಳೆ ಬಿದ್ದರೆ ನಿಮ್ಮ ದನಿಯೇ ಕೇಳುತ್ತಿರಲಿಲ್ಲ. ಧಾರವಾಡದಿಂದ ಬಂದ ಇಂಗ್ಲಿಷ್ ಅಧ್ಯಾಪಕರು ವಾರದೊಳಗೆ ಹೊರಟುಹೋದರು. ಇತಿಹಾಸ ಕಲಿಸಲು ಬಂದ ನೀವೇ ಇಂಗ್ಲಿಷನ್ನೂ ಹೇಳಬೇಕಾಯಿತು. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ, ಇಲ್ಲಿ ಇಂಗ್ಲಿಷ್. ನಾವು ಬಾಯಿ ಬಿಡದೆ ಕೂತರೆ ನೀವು ಬೈಯಲಿಲ್ಲ. “ಮೊದಲ ನಿಮ್ಮ ಮಾತಿನಾಗ ಹೇಳ್ರಿ, ನಾ ಕಲೀತೇನಿ,” ಎಂದಿರಿ. ನಮ್ಮ ಮಾತನ್ನು ನೀವು ಅಂದ ರೀತಿಗೆ ಇಡೀ ತರಗತಿ ನಕ್ಕಿತು. ಕಾಲೇಜಿನಲ್ಲಿ ನಾನು ಮೊದಲ ಸಲ ನಕ್ಕಿದ್ದು ಅವತ್ತು.

ದಸರಾ ಮುಗಿಯುತ್ತಲೇ ಸೊಲ್ಲಾಪುರದ ಕಡೆಯ ಕಬ್ಬಿನ ಕೆಲಸಕ್ಕೆ ಲಾರಿ ಬಂತು. ಕಬ್ಬು ಕಡಿಯಲು ಇಬ್ಬರ ಜೋಡಿ ಬೇಕು, ಒಂಟಿ ಆಳನ್ನು ಕೂಲಿಗೆ ಕರೆದೊಯ್ಯುವ ಮುಕಾದಮ ಸೇರಿಸಿಕೊಳ್ಳುವುದಿಲ್ಲ. ಅವ್ವ ತೀರಿಕೊಂಡ ಮೇಲೆ ಅಪ್ಪನ ಜೋಡಿ ನಾನೇ. ಅರ್ಧ ತರಗತಿ ಆ ಲಾರಿಯಲ್ಲಿತ್ತು. ಮರುದಿನ ಪಾಠಕ್ಕೆ ಬಂದ ನಿಮಗೆ ಏನನ್ನಿಸಿತೋ...

ದೀಪಾವಳಿ ರಜೆಯಲ್ಲಿ ನಮ್ಮನ್ನು ಹುಡುಕಿಕೊಂಡು ನೀವು ಆ ಹೊಲಕ್ಕೇ ಬಂದಿರಿ. ಅಪ್ಪ ಕುಡಗೋಲು ಕೆಳಗಿಡದೆ ಕೇಳಿದ: “ಮಾಸ್ತರ್ರ, ಈಕಿ ಓದಾಕ ಕುಂತ್ರ ನನ್ನ ಜೋಡಿ ಯಾರು ಕಡೀತಾರ್ರಿ?”

“ನಾ ಕಡೀತೇನಿ,” ಎಂದು ನೀವು ಅಂಗಿಯ ತೋಳು ಮಡಚಿದಿರಿ.

ರಜೆ ಮುಗಿಯುವ ತನಕ ಮುಂಜಾನೆ ಅಪ್ಪನ ಪಕ್ಕ ಕಬ್ಬು ಕಡಿದಿರಿ, ಮಧ್ಯಾಹ್ನ ಗುಡಿಸಲ ನೆರಳಲ್ಲಿ ನಮಗೆಲ್ಲ ಪಾಠ ಹೇಳಿದಿರಿ. ಕಬ್ಬಿನ ಗರಿ ನಿಮ್ಮ ಮುಖ, ಕೈಯೆಲ್ಲ ಗೀರಿತ್ತು. ಅಪ್ಪ ನಿಮ್ಮೊಡನೆ ಹೆಚ್ಚು ಮಾತಾಡಲಿಲ್ಲ. ಹೊರಟ ದಿನ ಮಾತ್ರ ಬಸ್ಸಿನ ತನಕ ನಿಮ್ಮ ಚೀಲ ಹೊತ್ತು ಬಂದ. ದಾರಿಯಲ್ಲಿ ನೀವಿಬ್ಬರೂ ಏನು ಮಾತಾಡಿದಿರಿ? ಅಪ್ಪ ಇವತ್ತಿಗೂ ಹೇಳಿಲ್ಲ.

ಹೋಳಿ ಹಬ್ಬಕ್ಕೆ ನಾವು ತಿರುಗಿ ಬಂದಾಗ ನೀವಿರಲಿಲ್ಲ. “ಕಾಮಾಲಿ ಆಗಿತ್ತವ್ವಾ. ಬಿಜಾಪುರ ದವಾಖಾನಿಗೆ ಒಯ್ದಿದ್ವಿ, ಉಳೀಲಿಲ್ಲ,” ಎಂದರು ಪ್ರಿನ್ಸಿಪಾಲರು. ನಮಗಾಗಿ ನೀವು ಅವರೊಡನೆ ಜಗಳಾಡಿದ್ದನ್ನೂ ಹೇಳಿದರು. “‘ಹಾಜರಿ ಇಲ್ದ ಇವರ್ನ ಪರೀಕ್ಷಾಕ್ಕ ಹ್ಯಾಂಗ ಕುಂಡ್ರಸ್ಲಿ’ ಅಂದೆ. ‘ನಾ ಪಾಠ ಹೇಳಿದಲ್ಲೇ ಕ್ಲಾಸ್ ರೀ, ಕಬ್ಬಿನ ಹೊಲದಾಗ ಹೇಳೇನಿ’ ಅಂದ್ರು ನಿಮ್ಮ ಸರ್. ಅವರ ಮಾತು ತಗದು ಹಾಕಾಕ ನನಗ ಆಗೂದಿಲ್ಲ. ನೀವೆಲ್ಲಾ ಕುಂಡ್ರಿ.”

ಕೂತೆವು. ನಾನು ಇಂಗ್ಲಿಷಿನಲ್ಲಿ ಫೇಲಾದೆ, ಸರ್. ನೀವಿದ್ದಿದ್ದರೆ ಏನನ್ನುತ್ತಿದ್ದಿರಿ?

ನಿಮಗೆ ಗೊತ್ತಿಲ್ಲದ ಒಂದು ಸುದ್ದಿ ಇದೆ. ಈ ವರ್ಷ ಲಾರಿ ಬರುವ ಮೊದಲು ನಮ್ಮ ತಾಂಡಾದ ನಾಯಕನ ಮನೆ ಮುಂದೆ ಎಲ್ಲರೂ ಸೇರಿದ್ದರು. ಕಾಲೇಜಿನ ಹುಡುಗರನ್ನು ಬಿಟ್ಟು ಹೋದರೆ ಜೋಡಿ ಮುರಿಯುತ್ತದೆ ಎಂದು ಬಹಳ ಮಂದಿ ಬೇಡವೆಂದರು. ಆಗ ಅಪ್ಪ ಎದ್ದು ನಿಂತ. ನಮ್ಮ ಮಾತಿನಲ್ಲಿ ಅವನು ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ: “ನಮ್ಮ ಜೋಡಿ ಮುರಿದ್ರ ಸಕ್ರಿ ಕಾರ್ಖಾನಿ ನಿಲ್ಲಂಗಿಲ್ಲ. ಹುಡುಗ್ರು ಎದ್ದು ಹ್ವಾದ್ರ ಆ ಕಾಲೇಜು ನಿಲ್ತೈತಿ.”

ಹೆಂಡತಿ ಸತ್ತು ಒಂಟಿಯಾಗಿದ್ದ ದೊಡ್ಡಪ್ಪನನ್ನು ಜೋಡಿ ಮಾಡಿಕೊಂಡು ಅಪ್ಪ ಲಾರಿ ಹತ್ತಿದ. ನಾವು ಕಾಲೇಜಿನವರೆಲ್ಲ ಉಳಿದೆವು. ನಾಯಕನ ಮನೆಯ ಮುದುಕಿ ನಮಗೆ ರೊಟ್ಟಿ ಬಡಿದು ಹಾಕುತ್ತಾಳೆ.

ಈಗ ತರಗತಿ ತುಂಬಿದೆ. ನಿಮ್ಮ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಬರುವ ತನಕ ನಾನು ಓದುತ್ತೇನೆ, ಮತ್ತೆ ಪರೀಕ್ಷೆ ಬರೆಯುತ್ತೇನೆ, ಗೊತ್ತಿದ್ದಷ್ಟನ್ನು ಚಿಕ್ಕವರಿಗೆ ಹೇಳಿಕೊಡುತ್ತೇನೆ.

ನಿಮ್ಮ ವಿದ್ಯಾರ್ಥಿನಿ,
ಸೋನಾಬಾಯಿ