ಅರ್ಥ ಗೊತ್ತಿಲ್ಲದೆ ಜೋಡಿಸಿದ ಸಾಲುಗಳು

ಮನೆ, ಮೂರನೇ ಮಹಡಿ
ಮಾರ್ಚ್ ೧೧, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಮಗನೇ,

ಲಕೋಟೆಯ ಮೇಲಿನ ಕೈಬರಹ ನೋಡಿ ಗಾಬರಿಯಾಗಬೇಡ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ಯಾರಿಗೂ ಏನೂ ಆಗಿಲ್ಲ. ನೀನು ಹೇಗಿದ್ದೀಯ? ನಿನಗೆ ಸೊಂಟ ಹಿಡಿದುಕೊಂಡಿದೆ ಎಂದು ಅಕ್ಕ ಹೇಳಿದಳು. ಲಿಫ್ಟ್ ರಿಪೇರಿಗೆಂದು ದಿನವೆಲ್ಲ ಆ ಇಕ್ಕಟ್ಟಿನ ಗುಂಡಿಗೆ ಬಗ್ಗಿ ಇಳಿಯುವವನಿಗೆ ಸೊಂಟ ಹಿಡಿಯದೆ ಇನ್ನೇನಾಗುತ್ತದೆ? ಬಿಸಿನೀರಿನ ಶಾಖ ಕೊಟ್ಟುಕೋ. ಸೊಸೆಯನ್ನೂ ಮಕ್ಕಳನ್ನೂ ಕೇಳಿದೆನೆಂದು ಹೇಳು. ನನಗೆ ಕಣ್ಣಿನ ಪೊರೆ ತೆಗೆಸಿದ ಮೇಲೆ ಎದುರಿನ ತಾರಸಿಯಲ್ಲಿ ಒಣಹಾಕಿದ ಅಂಗಿಯ ಗುಂಡಿಗಳೂ ಕಾಣುತ್ತಿವೆ. ಇಪ್ಪತ್ತೆಂಟು ವರ್ಷ ಒಂದು ಸಾಲು ಬರೆಯದವನು ಈಗ ಸೊಂಟಕ್ಕೆ ಉಪಚಾರ ಹೇಳಲು ಬಂದನಲ್ಲ ಎಂದು ನೀನು ಹಲ್ಲು ಕಡಿಯುತ್ತಿರಬಹುದು. ಕಡಿ. ಆದರೆ ಕಾಗದ ಹರಿದುಹಾಕಬೇಡ, ಪೂರ್ತಿ ಓದು.

ಸುದ್ದಿ ಏನೆಂದರೆ, ನಾನು ಇಂಗ್ಲಿಷ್ ಕಲಿಯುತ್ತಿದ್ದೇನೆ. ಎಪ್ಪತ್ತಾರಕ್ಕೆ ಇದೇನು ಹುಚ್ಚು ಎನ್ನಬೇಡ, ಗುರು ಸಿಕ್ಕಿದ ಮೇಲೆ ಬಿಡುವುದುಂಟೇ? ನಿನ್ನ ಅಕ್ಕನ ಮಗಳು ಗುಬ್ಬಿ ನರ್ಸಿಂಗ್ ಮುಗಿಸಿದಳಲ್ಲ, ದೊಡ್ಡ ಆಸ್ಪತ್ರೆಯ ಕೆಲಸಕ್ಕೆ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕಂತೆ. ಟ್ಯೂಷನ್ ಮೇಷ್ಟ್ರು ದಿನಾ ಪತ್ರಿಕೆಯ ಮೊದಲ ಪುಟದಿಂದ ಹತ್ತು ಪದ ಬರೆದುಕೊಂಡು ಬಾಯಿಪಾಠ ಮಾಡಿ ಎಂದಿದ್ದಾರೆ. ಯಾವ ಗಳಿಗೆಯಲ್ಲಿ ಹೇಳಿದರೋ, ಚುನಾವಣೆ ಘೋಷಣೆಯಾಯಿತು. ಮೊದಲ ಪುಟವೆಲ್ಲ ಬರೀ ಹೊಡೆದಾಟ, ಬೆಂಕಿ, ಗುಂಡು. ಗುಬ್ಬಿಯ ನೋಟ್‌ಬುಕ್ಕಿನ ತುಂಬ ರಯಟ್, ಮಾಬ್, ಆರ್ಸನ್, ಆಂಬುಷ್, ಎಂದರೆ ಗಲಭೆ, ಪುಂಡರ ಗುಂಪು, ಬೆಂಕಿ ಹಚ್ಚುವುದು, ಹೊಂಚುದಾಳಿ. ಮೊನ್ನೆ ತಲೆ ಮೇಲೆ ಕೈ ಹೊತ್ತು ಕೂತಳು. "ತಾತಾ, ಪೇಷಂಟ್ ಹತ್ರ ಎಲ್ಲಿ ನೋಯ್ತಿದೆ ಅಂತ ಕೇಳೋಕೆ ಇನ್ನೂ ತಡವರಿಸ್ತೀನಿ. ಶಾಸಕರ ಕಾರಿಗೆ ಬೆಂಕಿ ಹಚ್ಚಿದ್ರು ಅನ್ನೋದನ್ನ ಮಾತ್ರ ಐದು ಥರ ಹೇಳ್ತೀನಿ" ಎಂದಳು. ಪಾಪ, ಅವಳ ಪರೀಕ್ಷೆಯಲ್ಲಿ ಪೇಷಂಟಾಗಿ ಯಾರಾದರೂ ಶಾಸಕರೇ ಮಲಗಿರಬೇಕು.

ಅವಳು ಒಪ್ಪಿಸುವಾಗ ನೋಟ್‌ಬುಕ್ ಹಿಡಿದು ತಪ್ಪು ನೋಡುವುದು ನನ್ನ ಕೆಲಸ. ಅಕ್ಷರಗಳು ನನಗೆ ಹಳೇ ಪರಿಚಯವಲ್ಲವೇ, ಮೂವತ್ತನಾಲ್ಕು ವರ್ಷ ಅಚ್ಚುಕೂಟದಲ್ಲಿ ಸೀಸದ ಮೊಳೆಗಳನ್ನು ಒಂದೊಂದೇ ಎತ್ತಿ ಜೋಡಿಸಿದವನು ನಾನು. ಇಂಗ್ಲಿಷ್ ವಾರಪತ್ರಿಕೆಯ ಪುಟಗಳನ್ನೂ ಜೋಡಿಸುತ್ತಿದ್ದೆ, ಒಂದು ಪದದ ಅರ್ಥವೂ ಗೊತ್ತಿರಲಿಲ್ಲ. ಫೋರ್‌ಮನ್ನರಿಗೆ ಬೇಕಾಗಿದ್ದುದೂ ಅದೇ. "ಅರ್ಥ ತಿಳಿದವನು ಓದ್ತಾ ನಿಂತುಬಿಡ್ತಾನೆ ಕಣಯ್ಯಾ. ನೀನು ಬರೀ ಅಕ್ಷರ ನೋಡ್ತೀಯ, ಅದಕ್ಕೇ ನಿನ್ನ ಕೈಲಿ ತಪ್ಪು ಬರಲ್ಲ" ಎನ್ನುತ್ತಿದ್ದರು. ಆ ಮಾತಿಗೆ ನಾನು ಉಬ್ಬಿಹೋಗುತ್ತಿದ್ದೆ. ಒಂದೂ ತಪ್ಪಿಲ್ಲದ ಪುಟದ ಕರಡಿನ ಮೇಲೆ ಅವರು ಕೆಂಪು ಗುರುತು ಹಾಕಿ ಕೊಟ್ಟರೆ ಅದನ್ನು ಮನೆಗೆ ತಂದು ಟ್ರಂಕಿನಲ್ಲಿಡುತ್ತಿದ್ದೆ. ನಿನ್ನ ಅಮ್ಮ ಅದಕ್ಕೆ ನನ್ನ ಒಡವೆ ಪೆಟ್ಟಿಗೆ ಎಂದು ಹೆಸರಿಟ್ಟಿದ್ದಳು.

ಮೊದಲ ದಿನ ಗುಬ್ಬಿ ಕರ್ಫ್ಯೂ ಎಂಬುದರ ಅಕ್ಷರಗಳನ್ನು ಒಪ್ಪಿಸುತ್ತಿದ್ದಂತೆ ನನ್ನ ಬೆರಳುಗಳು ಮೇಜಿನ ಮೇಲೆ ತಾವಾಗಿಯೇ ಓಡಾಡಿದವು. ಮೊಳೆಗಳ ಪೆಟ್ಟಿಗೆಯಲ್ಲಿ ಯಾವ ಮೊಳೆ ಯಾವ ಮನೆಯಲ್ಲಿರುತ್ತಿತ್ತೋ ಅಲ್ಲಿಗೇ ಹೋಗಿ ಹೋಗಿ ಬಂದವು! ಕರ್ಫ್ಯೂ ಎಂಬ ಮಾತು ನನಗೆ ಗೊತ್ತಿತ್ತು, ಈ ಆರು ಮೊಳೆಗಳು ಅದೇ ಎಂಬುದು ಗೊತ್ತಿರಲಿಲ್ಲ. ಎಷ್ಟು ನೂರು ಸಲ ಜೋಡಿಸಿದ್ದೇನೋ. ಊರಿಗೆ ಊರೇ ಕದ ಹಾಕಿಕೊಂಡು ಕೂತದ್ದು ಈ ಅಂಗೈ ಮೇಲೆ ಹಾದುಹೋಗಿದೆ, ನಾನು ಮಾತ್ರ ಮಧ್ಯಾಹ್ನದ ಊಟದ ಗಂಟೆ ಎಷ್ಟು ಹೊತ್ತಿಗೆ ಹೊಡೆಯುತ್ತದೆ ಎಂದು ಕಾಯುತ್ತಿದ್ದೆ. ಅಂದಿನಿಂದ ದಿನಾ ಹತ್ತು ಪದ ಅವಳಿಗೆ, ಅವೇ ಹತ್ತು ನನಗೆ.

ಅವುಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಲೆಜೆಡ್ಲಿ. ಹಾಗೆ ಮಾಡಿದ ಎಂದು ಜನ ಹೇಳುತ್ತಾರೆ, ಮಾಡಿದನೋ ಇಲ್ಲವೋ ಇನ್ನೂ ಗೊತ್ತಿಲ್ಲ, ಅಷ್ಟನ್ನೂ ಆ ಒಂದೇ ಪದ ಹೇಳುತ್ತದಂತೆ. ನಮ್ಮಲ್ಲೂ ಎನ್ನಲಾಗಿದೆ ಎಂಬುದು ಇದ್ದೇ ಇದೆ. ಸಾವಿರ ಸಲ ಓದಿದ್ದರೂ ಅದರ ಮುಂದೆ ಒಮ್ಮೆಯೂ ನಿಂತಿರಲಿಲ್ಲ. ಈ ಇಂಗ್ಲಿಷ್ ಪದವನ್ನು ಉರು ಹೊಡೆದು ಕಲಿತದ್ದಕ್ಕೋ ಏನೋ, ಎದೆಗೆ ನಾಟಿತು. ಆ ದಿನ ನನ್ನ ಬಾಯಲ್ಲಿ ಈ ಒಂದು ಪದ ಇರಬೇಕಾಗಿತ್ತು.

ಯಾವ ದಿನ ಎಂದು ನಿನಗೆ ಹೇಳಬೇಕಿಲ್ಲ. ಚೌಕದಲ್ಲಿ ಎರಡು ಪಕ್ಷದವರ ಮೆರವಣಿಗೆ ಎದುರಾಗಿ ಕಲ್ಲು ತೂರಾಡಿದ ದಿನ. ಆ ಗುಂಪಿನಲ್ಲಿ ನೀನು ಓಡುತ್ತಿದ್ದುದನ್ನು ಕಂಡೆ ಎಂದು ಕೆಳಗಿನ ಅಂಗಡಿಯ ದರ್ಜಿ ಬಂದು ಹೇಳಿದ. ಸಂಜೆ ನೀನು ಅಂಗಿಯ ಬೆನ್ನೆಲ್ಲ ರಕ್ತ ಮಾಡಿಕೊಂಡು ಬಂದೆ. ಹತ್ತೊಂಬತ್ತು ವರ್ಷ ನಿನಗೆ. "ನಾನು ಕಲ್ಲು ಹೊಡೀಲಿಲ್ಲ ಅಪ್ಪಾ, ಬಿದ್ದಿದ್ದವರನ್ನ ಎತ್ಕೊಂಡು ಹೋದೆ" ಎಂದೆ. "ಸುಳ್ಳು ಬೊಗಳಬೇಡ" ಎಂದು ಮೆಟ್ಟಿಲ ಮೇಲೆ, ಬೀದಿಯವರೆಲ್ಲ ನೋಡುವಂತೆ, ನಿನ್ನ ಕೆನ್ನೆಗೆ ಹೊಡೆದೆ. ಬೆಳಗಾಗುವಷ್ಟರಲ್ಲಿ ನೀನಿರಲಿಲ್ಲ. ಅಮ್ಮ ಹೋದಾಗ ಬಂದೆ, ನನ್ನ ಮುಖ ನೋಡದೆ ಹೋದೆ.

ಹೋದ ಗುರುವಾರ ಗುಬ್ಬಿಗೆ ಹೊಸ ಪತ್ರಿಕೆಯ ಪದಗಳೆಲ್ಲ ಮುಗಿದವು. ಅದೇ ಹೊಡೆದಾಟ, ಅವೇ ಪದ! ಹಳೆಯದರಲ್ಲಿ ಬೇರೆ ಪದ ಇರಬಹುದು ಎಂದು ಟ್ರಂಕಿನಿಂದ ಕರಡುಗಳನ್ನು ತೆಗೆದೆ. ಕೆಂಪು ಗುರುತಿನ ಒಂದು ಪುಟದಲ್ಲಿ ರಯಟ್ ಎಂಬುದು ಕಣ್ಣಿಗೆ ಬಿತ್ತು. ತಾರೀಖು ನೋಡಿದೆ, ಅದೇ ವಾರ. ಗುಬ್ಬಿ ಓದಿ ಹೇಳುತ್ತೇನೆ ಎಂದಳು, ನಾನು ಕೊಡಲಿಲ್ಲ. ನಾಲ್ಕು ದಿನ ನಿಘಂಟು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಬಳಿ ಕೂತು ನಾನೇ ಓದಿದೆ. ಕೆಳಗಡೆ ಐದು ಸಾಲು ಹೀಗಿದೆ: ಕಲ್ಲು ಬೀಳುತ್ತಿರುವಾಗಲೇ ಸುಮಾರು ಇಪ್ಪತ್ತರ ಯುವಕನೊಬ್ಬ ಗಾಯಗೊಂಡ ಮುದುಕಿಯೊಬ್ಬರನ್ನು ಬೆನ್ನ ಮೇಲೆ ಹೊತ್ತು ಆಸ್ಪತ್ರೆಗೆ ತಂದ. ಮತ್ತೆ ಓಡಿಹೋಗಿ ತಲೆಯೊಡೆದ ಪೊಲೀಸನೊಬ್ಬನನ್ನು ಹೊತ್ತು ತಂದ. ಕೇಳಿದರೆ ಹೆಸರು ಹೇಳಲಿಲ್ಲ. ತನ್ನ ತಂದೆ ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಾರೆ, ತಡವಾದರೆ ಬೈಯುತ್ತಾರೆ ಎಂದಷ್ಟೇ ಹೇಳಿ ಮನೆಗೆ ಹೊರಟುಹೋದ.

ಈ ಸಾಲುಗಳನ್ನು ನೀನು ಮನೆಬಿಟ್ಟ ನಾಲ್ಕನೇ ದಿನ ನಾನೇ ಜೋಡಿಸಿದ್ದು. ನಿನ್ನ ಮೇಲಿನ ಸಿಟ್ಟಿನಲ್ಲಿ ಹಲ್ಲು ಕಚ್ಚಿಕೊಂಡು, ನಿನ್ನ ಮಾತು ನಿಜ ಎಂಬುದನ್ನೇ ಒಂದಕ್ಷರ ತಪ್ಪಿಲ್ಲದೆ ಜೋಡಿಸಿ, ಶಹಬ್ಬಾಸ್ ಎನ್ನಿಸಿಕೊಂಡು, ಮನೆಗೆ ತಂದು ಬಚ್ಚಿಟ್ಟೆ. ಆ ಟ್ರಂಕಿನ ಪಕ್ಕದಲ್ಲೇ ಇಷ್ಟು ವರ್ಷ ಮಲಗಿ ನಿದ್ದೆ ಮಾಡಿದ್ದೇನೆ. ಭಾನುವಾರದಿಂದ ಅದನ್ನು ಎಷ್ಟು ಸಲ ಓದಿದೆನೋ, ಪ್ರತಿ ಸಲವೂ ಬೆರಗಾಗುತ್ತೇನೆ. ತಪ್ಪಿಲ್ಲದೆ ಜೋಡಿಸಿದ ನನ್ನ ಕೈಯನ್ನು ನೆನೆದಲ್ಲ. ಅಂಥ ಗಲಭೆಯ ನಡುವೆ ಎರಡನೇ ಸಲ ತಿರುಗಿ ಓಡಿದ ಆ ಹುಡುಗನನ್ನು ನೆನೆದು. ಅಷ್ಟು ದೊಡ್ಡ ಜೀವ ನನ್ನ ಮನೆಯಲ್ಲೇ ಉಂಡು ಬೆಳೆದಿತ್ತು.

ಇನ್ನೇನು ಬರೆಯಲಿ. ಅಕ್ಕ, ಭಾವ, ಗುಬ್ಬಿ ನಿನ್ನನ್ನು ಕೇಳಿದ್ದಾರೆ. ಸೊಸೆಗೂ ಮಕ್ಕಳಿಗೂ ನನ್ನ ಆಶೀರ್ವಾದ. ನಿನ್ನ ತಲೆ ಮೇಲೆ ಕೈಯಿಟ್ಟು ಹರಸುವ ಯೋಗ್ಯತೆ ಈಗ ನನಗಿಲ್ಲ, ಆದರೂ ಚೆನ್ನಾಗಿರಪ್ಪಾ.

ನಿನ್ನ
ಅಪ್ಪ

ಮರೆತ ಮಾತು: ಇಷ್ಟೆಲ್ಲ ಬರೆದು ಮುಖ್ಯವಾದದ್ದನ್ನೇ ಬಿಟ್ಟೆ. ತಪ್ಪು ನನ್ನದು ಮಗನೇ. ಗುಬ್ಬಿ ರೈಲಿನ ಟಿಕೆಟ್ ತೆಗೆಸಿದ್ದಾಳೆ, ಮುಂದಿನ ಮಂಗಳವಾರ ಬೆಳಿಗ್ಗೆ ಎಂಟಕ್ಕೆ ನಿಮ್ಮೂರಿಗೆ ಬರುತ್ತೇನೆ. ಸ್ಟೇಷನ್ನಿಗೆ ಬರಬೇಡ, ವಿಳಾಸ ನನ್ನ ಹತ್ತಿರ ಇದೆ, ಹೊಡೆದವನೇ ಹುಡುಕಿಕೊಂಡು ಬರಬೇಕು. ಬಾಗಿಲು ತೆರೆಯಲೇಬೇಕೆಂದಿಲ್ಲ. ಹೊರಗೆ ನಿಂತು ಆ ಐದು ಸಾಲನ್ನು ಇಂಗ್ಲಿಷಿನಲ್ಲೇ ಗಟ್ಟಿಯಾಗಿ ಓದುತ್ತೇನೆ, ಒಳಗಿನಿಂದಲೇ ಕೇಳು. ನನ್ನ ಉಚ್ಚಾರಣೆಗೆ ನಗು ಬಂದರೆ ತಡೆದುಕೊಳ್ಳಬೇಡ. ನೀನು ನಕ್ಕದ್ದು ಕೇಳಿ ಇಪ್ಪತ್ತೆಂಟು ವರ್ಷವಾಯಿತು.